ಅವ್ವನ ಕಾಲಿನ ಗಾಯದ ಸ್ಟಡಿಗೆ ಸಹಿ ಕೇಳುತ್ತಿದ್ದಾರೆ, ಹಾಕಬೇಕಾ?

ಗಂಜ್_ಹುಡುಗ

ಎಲ್ಲರಿಗೂ ನಮಸ್ಕಾರ. ಅವ್ವನಿಗೆ ಭಾಳ ವರ್ಷದಿಂದ ಶುಗರ್ ಇದೆ. ಹೆಬ್ಬೆರಳ ಹತ್ತಿರ ಗಾಯವಾಗಿ ಕೀವು ತುಂಬಿಕೊಂಡಿತ್ತು. ಕಲಬುರಗಿಯ ಒಂದು ಮೆಡಿಕಲ್ ಕಾಲೇಜು ದವಾಖಾನೆಗೆ ಸೇರಿಸಿದ್ದೇವೆ. ಗಾಯ ಕ್ಲೀನ್ ಮಾಡಿದ್ದಾರೆ, ಬೆರಳು ಉಳಿದಿದೆ. ಈಗ ಒಬ್ಬ ಪಿ.ಜಿ. ಡಾಕ್ಟರ್ ಬಂದು, "ಒಂದು ಸ್ಟಡಿ ನಡೀತಾ ಇದೆ, ನಿಮ್ಮ ತಾಯಿಯವರನ್ನು ಸೇರಿಸಿಕೊಳ್ಳಬಹುದಾ?" ಎಂದು ಕೇಳಿದರು. ಕೆಲವರಿಗೆ ಮಾಮೂಲಿ ಡ್ರೆಸಿಂಗ್, ಕೆಲವರಿಗೆ ಮಶೀನಿನಿಂದ ಗಾಳಿ ಎಳೆಯುವ ವ್ಯಾಕ್ಯೂಮ್ ಡ್ರೆಸಿಂಗ್ ಅಂತೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿ ನೋಡುತ್ತಾರಂತೆ.

ಓದಲು ಕನ್ನಡದ ಕಾಗದ ಕೊಟ್ಟಿದ್ದಾರೆ. ನಮ್ಮ ಕಾಕಾ ಮಾತ್ರ "ಸಹಿ ಹಾಕಬೇಡ, ನಮ್ಮ ಮನಿ ಹೆಣ್ಮಗಳ ಮ್ಯಾಲೆ ಪ್ರಯೋಗ ಮಾಡ್ತಾರ" ಎಂದು ವಾರ್ಡಿನಲ್ಲೇ ಜೋರು ಮಾಡಿದರು. ಇಂಥ ಸಂಶೋಧನೆಯಿಂದ ರೋಗಿಗೆ ಖರೇನೇ ಏನಾದರೂ ಲಾಭ ಇದೆಯಾ? ಇಲ್ಲ ಡಾಕ್ಟರ ಡಿಗ್ರಿಗೆ ಮಾತ್ರವಾ? ಗೊತ್ತಿರುವವರು ಹೇಳಿ.

ಸೇಡಂ_ಬಂಡೆ

ನಿಮ್ಮ ಕಾಕಾ ಹೇಳಿದ್ದೇ ಸರಿ. ನಮ್ಮಪ್ಪನನ್ನು ಉಸಿರಾಟದ ತೊಂದರೆಗೆ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಅಡ್ಮಿಷನ್ ಕಾಗದ, ಇನ್ಶೂರೆನ್ಸ್ ಕಾಗದ, ಎಲ್ಲದರ ಜೊತೆ ಇನ್ನೊಂದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡರು. ಡಿಸ್ಚಾರ್ಜ್ ಆಗುವಾಗ ಗೊತ್ತಾಯಿತು, ಅದು ಯಾವುದೋ ಸ್ಟಡಿಯ ಒಪ್ಪಿಗೆ ಪತ್ರ. ಯಾವ ಸ್ಟಡಿ, ಎಷ್ಟು ರಕ್ತ ತೆಗೆದರು, ಯಾಕೆ ತೆಗೆದರು, ಒಂದು ಮಾತು ಹೇಳಿದವರಿಲ್ಲ. ಬಡವರ ಮೈ ಅಂದರೆ ಸುಮ್ನೆ ಸಿಗುವ ಸಾಮಾನು ಇವರಿಗೆ.

ನೈಟ್_ಡ್ಯೂಟಿ

ಸೇಡಂ ಅಣ್ಣಾ, ನಿಮ್ಮ ಅಪ್ಪನವರಿಗೆ ಆದದ್ದು ತಪ್ಪೇ. ಅದಕ್ಕೆ ಎರಡು ಮಾತಿಲ್ಲ. ಆದರೆ ಗಂಜ್ ಅವರ ಪ್ರಶ್ನೆ ಬೇರೆ, ಅದಕ್ಕೆ ಉತ್ತರ ಕೊಡುತ್ತೇನೆ. ನಾನು ಬೀದರಿನಲ್ಲಿ ಸರ್ಜರಿ ಪಿ.ಜಿ.

ಮೊದಲು ಖರೆ ಮಾತು. ಹೌದು, ಡಿಗ್ರಿಗೆ ಬೇಕು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು. ಆ ಪಿ.ಜಿ.ಗೆ ಕೇಸು ಬೇಕು, ಅದಕ್ಕೆ ಬಂದು ಕೇಳಿದ್ದಾರೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಆ ಸ್ಟಡಿಯ ಪ್ರಶ್ನೆ ಸುಳ್ಳಲ್ಲ. ವ್ಯಾಕ್ಯೂಮ್ ಡ್ರೆಸಿಂಗ್ ಅಂದರೆ ಗಾಯದ ಮೇಲೆ ಸ್ಪಂಜ್ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಳಿಕೆಯಿಂದ ಒಳಗಿನ ಗಾಳಿ ಮತ್ತು ನೀರು ಎಳೆಯುವುದು. 2005ರಲ್ಲಿ ಅಮೆರಿಕದಲ್ಲಿ ಕಾಲಿನ ಸ್ವಲ್ಪ ಭಾಗ ಕತ್ತರಿಸಿದ್ದ 162 ಶುಗರ್ ರೋಗಿಗಳ ಮೇಲೆ ಅಧ್ಯಯನ ಆಯಿತು. ಮಶೀನ್ ಹಾಕಿದವರಲ್ಲಿ 56% ಜನರ ಗಾಯ ವಾಸಿಯಾಯಿತು, ಮಾಮೂಲಿ ಡ್ರೆಸಿಂಗ್‌ನವರಲ್ಲಿ 39%. ಎಲ್ಲರೂ ಮಶೀನ್ ಕಡೆ ಓಡಿದರು. ಆಮೇಲೆ ಜರ್ಮನಿಯಲ್ಲಿ ಇನ್ನೂ ದೊಡ್ಡ ಅಧ್ಯಯನ ಮಾಡಿದರು, 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಾಯ ಮುಚ್ಚುವ ವಿಷಯದಲ್ಲಿ ಮಶೀನು ಮೇಲು ಅಂತ ಸಾಬೀತಾಗಲಿಲ್ಲ. ಈಗ ಹೇಳಿ, ನಮ್ಮ ವಾರ್ಡಿನಲ್ಲಿ, ಬರಿಗಾಲಲ್ಲಿ ಹೊಲಕ್ಕೆ ಹೋಗಿ ಗಾಯ ಮಾಡಿಕೊಂಡು ತಡವಾಗಿ ಬರುವ ನಮ್ಮ ಜನರಿಗೆ ಯಾವುದು ಒಳ್ಳೆಯದು? ಕೂತಲ್ಲೇ ಹೇಳಲು ಬರುವುದಿಲ್ಲ.

ಚೀಟಿ ಎತ್ತುವುದೂ ಇದಕ್ಕೇ. ಡಾಕ್ಟರಿಗೇ ಆರಿಸಲು ಬಿಟ್ಟರೆ ಏನಾಗುತ್ತದೆ ಗೊತ್ತಾ? ಗಾಯ ಚೆನ್ನಾಗಿದ್ದವರಿಗೆ ಹೊಸ ಮಶೀನು, ಕೆಟ್ಟಿದ್ದವರಿಗೆ ಹಳೆಯದು. ಇಲ್ಲ ಅದರ ಉಲ್ಟಾ. ಕೊನೆಗೆ ಮಶೀನು ಗೆದ್ದಿತಾ, ಮೊದಲೇ ಚೆನ್ನಾಗಿದ್ದ ಗಾಯ ಗೆದ್ದಿತಾ ತಿಳಿಯುವುದಿಲ್ಲ.

ತೊಗರಿ_ಕಣಜ

ಇದು ನಮಗೆ ತಿಳಿಯುವ ಮಾತು ನೋಡ್ರಿ. ನೆಟೆ ರೋಗ ತಡೆಯುವ ತೊಗರಿ ಅಂತ ಟಿಎಸ್-3ಆರ್ ಬಂದಾಗ ನಮ್ಮಪ್ಪ ಇಡೀ ಹೊಲಕ್ಕೆ ಹಾಕಲಿಲ್ಲ. ಅದೇ ಮಣ್ಣು, ಅದೇ ಮಳೆ, ಅರ್ಧ ಹಳೇ ಬೀಜ, ಅರ್ಧ ಹೊಸದು. ಕಪ್ಪು ಮಣ್ಣಿಗೆ ಹೊಸದು, ಕಲ್ಲು ನೆಲಕ್ಕೆ ಹಳೇದು ಹಾಕಿ "ಹೊಸದೇ ಚೊಲೋ" ಅಂದರೆ ಊರ ಮಂದಿ ನಗತಾರ.

ಸೇಡಂ_ಬಂಡೆ

ಬೀಜ ಹಾಳಾದರೆ ಒಂದು ವರ್ಷದ ಬೆಳೆ ಹೋಗುತ್ತದೆ ಕಾಕಾ. ಇದು ಕಾಲು.

ತೊಗರಿ_ಕಣಜ

ಅದೂ ಖರೆ.

ಕ್ಯಾಶುವಾಲಿಟಿ_ಚಾ

ಸೇಡಂ ಅವರ ಸಿಟ್ಟಿಗೆ ಅರ್ಥ ಇದೆ. ಆದರೆ ಸಂಶೋಧನೆ ಮಾಡದೇ ಇದ್ದರೆ ರೋಗಿ ಸೇಫ್ ಅಂದುಕೊಂಡಿದ್ದಾರಲ್ಲ, ಅಲ್ಲಿ ನನಗೆ ತಕರಾರಿದೆ. ನಾನು ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವನು. ಹುಮನಾಬಾದ್, ಜೇವರ್ಗಿ ಕಡೆಯಿಂದ ಬೈಕ್ ಆಕ್ಸಿಡೆಂಟ್ ಕೇಸು ಬರದ ರಾತ್ರಿ ಇಲ್ಲ. ಹೆಲ್ಮೆಟ್ ಇರುವುದಿಲ್ಲ, ತಲೆಗೆ ಪೆಟ್ಟು.

ತಲೆಗೆ ಪೆಟ್ಟಾದವರಿಗೆ 30 ವರ್ಷಕ್ಕಿಂತ ಜಾಸ್ತಿ ಕಾಲ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಿದ್ದರು. ಮಿದುಳಿನ ಬಾವು ಇಳಿಯುತ್ತದೆ ಎಂಬ ಲೆಕ್ಕ. ಪುಸ್ತಕದಲ್ಲಿ ಕೇಳಲು ಸರಿಯಾಗೇ ಇತ್ತು. ಕೊಟ್ಟವರಿಗೆ ನಂಬಿಕೆ ಇತ್ತು, ಬದುಕಿ ಮನೆಗೆ ಹೋದವರನ್ನು ಕಣ್ಣಾರೆ ಕಂಡಿದ್ದರು. ಕೊನೆಗೆ ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಸೇರಿ 'ಕ್ರ್ಯಾಶ್' ಎಂಬ ಟ್ರಯಲ್ ಮಾಡಿದವು. 10,008 ರೋಗಿಗಳು. ಅರ್ಧ ಜನರಿಗೆ ಸ್ಟೆರಾಯ್ಡ್, ಅರ್ಧ ಜನರಿಗೆ ಬರೀ ಮದ್ದಿಲ್ಲದ ಇಂಜೆಕ್ಷನ್. 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ 21.1% ಜನ ಸತ್ತಿದ್ದರು. ಪಡೆಯದವರಲ್ಲಿ 17.9%. ಅಂದರೆ ಒಳ್ಳೆಯದಾಗಲಿ ಅಂತ ಕೊಡುತ್ತಿದ್ದ ಮದ್ದೇ ನೂರರಲ್ಲಿ ಮೂರು ಜನರನ್ನು ಹೆಚ್ಚಾಗಿ ಕೊಲ್ಲುತ್ತಿತ್ತು.

ನೂರರಲ್ಲಿ ಮೂರು. ಒಬ್ಬ ಡಾಕ್ಟರು ಇಡೀ ಜನ್ಮ ಕ್ಯಾಶುವಾಲಿಟಿಯಲ್ಲಿ ನಿಂತರೂ ಇದು ಕಣ್ಣಿಗೆ ಬೀಳುವುದಿಲ್ಲ. ಪೆಟ್ಟು ಜೋರಿತ್ತು, ಹೋದರು ಅಂತಲೇ ಅನಿಸುತ್ತದೆ. ಎಣಿಸಿದ್ದಕ್ಕೆ ಗೊತ್ತಾಯಿತು.

ಅದೇ ತಂಡದ ಮುಂದಿನ ಟ್ರಯಲ್ 2010ರದು. ಆಕ್ಸಿಡೆಂಟಿನಲ್ಲಿ ರಕ್ತ ಸುರಿಯುತ್ತಿರುವವರಿಗೆ ರಕ್ತ ನಿಲ್ಲಲು ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಇಂಜೆಕ್ಷನ್. 40 ದೇಶದ 274 ಆಸ್ಪತ್ರೆ, 20 ಸಾವಿರಕ್ಕೂ ಹೆಚ್ಚು ಜನ. ಭಾರತದ ಆಸ್ಪತ್ರೆಗಳೂ ಇದ್ದವು. ಅದರಲ್ಲಿ ಸಾವು ಕಡಿಮೆಯಾಯಿತು. ಬೇಗ ಕೊಟ್ಟರೆ ಮಾತ್ರ. ಮೂರು ತಾಸು ದಾಟಿದ ಮೇಲೆ ಕೊಟ್ಟರೆ ತೊಂದರೆಯೇ ಆಗಬಹುದು ಅಂತಲೂ ಅದರಿಂದಲೇ ತಿಳಿಯಿತು. ಇವತ್ತು ನಾವು ಗಡಿಯಾರ ನೋಡಿ ಆ ಇಂಜೆಕ್ಷನ್ ಕೊಡುತ್ತೇವೆ. "ಪೆಟ್ಟು ಎಷ್ಟು ಗಂಟೆಗೆ ಆಯ್ತು?" ಎಂದು ನಾವು ಮತ್ತೆ ಮತ್ತೆ ಕೇಳಿದಾಗ ಸಂಬಂಧಿಕರು ರೇಗುತ್ತಾರೆ. ಕೇಳುವುದು ಇದಕ್ಕೇ.

ಸೇಡಂ_ಬಂಡೆ

ಅಂದರೆ 30 ವರ್ಷ ಡಾಕ್ಟರುಗಳು ಎಲ್ಲರ ಮೇಲೂ ಪ್ರಯೋಗವನ್ನೇ ಮಾಡುತ್ತಿದ್ದರು, ಲೆಕ್ಕ ಮಾತ್ರ ಇಟ್ಟಿರಲಿಲ್ಲ ಅನ್ನಿ.

ಕ್ಯಾಶುವಾಲಿಟಿ_ಚಾ

ನಾನು ಹೇಳಬೇಕೆಂದಿದ್ದನ್ನು ನೀವೇ ಹೇಳಿಬಿಟ್ಟಿರಿ 🙂

ಬಹಮನಿ_ಬಾಗಿಲು

ಕೊರೊನಾ ಕಾಲ ಯಾರಿಗೂ ನೆನಪಿಲ್ವಾ? ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯವರದೇ, 2020ರ ಮಾರ್ಚ್‌ನಲ್ಲಿ. ಆಗ ಯಾವ ಮದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ವಾಟ್ಸಾಪ್ ತುಂಬಾ "ಪ್ಲಾಸ್ಮಾ ಬೇಕು, ಬಿ ಪಾಸಿಟಿವ್, ಅರ್ಜೆಂಟ್". ಪ್ಲಾಸ್ಮಾ ಅಂದರೆ ಕೊರೊನಾ ವಾಸಿಯಾದವರ ರಕ್ತದಿಂದ ಬೇರ್ಪಡಿಸಿದ ನೀರಿನಂಥ ಭಾಗ. ನಾನೂ ನಮ್ಮ ಮಾಮಾನಿಗಾಗಿ ಹೈದರಾಬಾದ್‌ವರೆಗೆ ಫೋನ್ ಮಾಡಿದ್ದೆ.

ಆದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಅಷ್ಟರಲ್ಲೇ ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅಧ್ಯಯನ ಮುಗಿಸಿತ್ತು. ಪ್ಲಾಸ್ಮಾ ಕೊಟ್ಟವರಲ್ಲಿ 19% ಜನರ ಸ್ಥಿತಿ ಬಿಗಡಾಯಿಸಿತು ಅಥವಾ ಸತ್ತರು. ಕೊಡದವರಲ್ಲಿ 18%. ಏನೂ ಫರಕಿಲ್ಲ. ಇದು ಅಕ್ಟೋಬರ್ 2020ರಲ್ಲೇ ಪ್ರಕಟವಾಗಿತ್ತು. ಸರ್ಕಾರದ ಚಿಕಿತ್ಸಾ ಪಟ್ಟಿಯಿಂದ ಪ್ಲಾಸ್ಮಾ ತೆಗೆದದ್ದು ಮೇ 2021ರಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಎಷ್ಟು ಮನೆಯವರು ಸಾಲ ಮಾಡಿ ಪ್ಲಾಸ್ಮಾ ಹುಡುಕಿದರೋ. ಸಂಶೋಧನೆ ಮಾಡಿದರೆ ಸಾಲದು, ಅದನ್ನು ಕೇಳುವ ಕಿವಿಯೂ ಇರಬೇಕು.

ನೈಟ್_ಡ್ಯೂಟಿ

ಅದೇ ಕಾಲದ ಇನ್ನೊಂದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 'ರಿಕವರಿ' ಟ್ರಯಲ್ ನಡೆದು ಜೂನ್ 2020ರಲ್ಲಿ ಗೊತ್ತಾದದ್ದು, ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಮದ್ದು ಕೆಲಸ ಮಾಡುತ್ತದೆ ಅಂತ. ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು, ಆಕ್ಸಿಜನ್ ಮೇಲಿದ್ದವರದು ಐದನೇ ಒಂದರಷ್ಟು. ಆಕ್ಸಿಜನ್ ಬೇಡದವರಿಗೆ ಲಾಭವೇ ಇಲ್ಲ. ನಮ್ಮ ಕಡೆ ಜ್ವರ ಬಂದ ದಿನವೇ ಮೆಡಿಕಲ್ ಶಾಪಿನಿಂದ ತಂದು ನುಂಗಿದವರು ಎಷ್ಟೋ ಜನ. ಆಮೇಲೆ ಬ್ಲ್ಯಾಕ್ ಫಂಗಸ್ ಬಂದಾಗ ಸ್ಟೆರಾಯ್ಡ್ ಮತ್ತು ಶುಗರ್ ಎರಡೂ ಸೇರಿ ಏನು ಮಾಡುತ್ತವೆ ಅಂತ ಎಲ್ಲರೂ ನೋಡಿದೆವು.

ಕ್ಯಾಶುವಾಲಿಟಿ ಸರ್ ಹೇಳಿದ ಸ್ಟೆರಾಯ್ಡೂ ಇದೂ ಒಂದೇ ಜಾತಿಯ ಮದ್ದು. ತಲೆಪೆಟ್ಟಿಗೆ ಕೊಲ್ಲುತ್ತದೆ, ಕೊರೊನಾದ ಶ್ವಾಸಕೋಶಕ್ಕೆ ಬದುಕಿಸುತ್ತದೆ. ಯಾರಾದರೂ ಲೆಕ್ಕ ಇಡದೆ ಇದನ್ನು ಊಹಿಸಲು ಸಾಧ್ಯವಾ?

ಹೆರಿಗೆ_ವಾರ್ಡ್

ನಾನು ಸ್ಟಾಫ್ ನರ್ಸ್, ಯಾದಗಿರಿ ಜಿಲ್ಲೆ. ಎಲ್ಲರೂ ಇಂಗ್ಲೆಂಡ್, ಅಮೆರಿಕ ಅಂತಿದ್ದೀರಿ. ನಮ್ಮ ರಾಜ್ಯದ್ದೇ ಹೇಳುತ್ತೇನೆ ಕೇಳಿ.

ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಬಾಣಂತಿ ಸಾಯುವುದು ನಮ್ಮ ಕಡೆ ಹೊಸದಲ್ಲ. ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾಗುವ 1,620 ಹೆಣ್ಣುಮಕ್ಕಳು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು, ಡಾಕ್ಟರಲ್ಲ. ಕೆಲವರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಕೆಲವರಿಗೆ ಮದ್ದಿಲ್ಲದ ಅದೇ ಥರದ ಮಾತ್ರೆ. ಅತಿಯಾದ ರಕ್ತಸ್ರಾವ 12%ನಿಂದ 6.4%ಗೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಫ್ರಿಜ್ ಬೇಡ, ಸೂಜಿ ಬೇಡ. ಕರೆಂಟ್ ಹೋಗುವ ಉಪಕೇಂದ್ರದಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ನಮ್ಮ ಕೊಪ್ಪಳದ್ದು. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಇದೆಯಲ್ಲ, ಅದು ಒಳ್ಳೆಯದು ಅಂತ ಮೊದಲೇ ಗೊತ್ತಿತ್ತು. ಮಾಡಿಸುವುದು ಹೇಗೆ ಅನ್ನುವುದೇ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನೇ ಅಧ್ಯಯನ ಮಾಡಿದರು. ಇದರಲ್ಲಿ ಹೊಸ ಮದ್ದೇ ಇಲ್ಲ. ಕುರ್ಚಿ ಎಲ್ಲಿಡಬೇಕು, ಅತ್ತೆಗೆ ಹೇಗೆ ಹೇಳಬೇಕು, ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ಹೇಗೆ ವಿಚಾರಿಸಬೇಕು, ಇಂಥದ್ದೇ ಪ್ರಶ್ನೆ. ನಗಬೇಡಿ, ವಾರ್ಡಿನಲ್ಲಿ ಕೂಸು ಉಳಿಯುವುದು ಇಂಥದ್ದರಿಂದಲೇ. ದೊಡ್ಡ ಡಾಕ್ಟರುಗಳಿಗೆ ಇದು ಸಂಶೋಧನೆ ಅಂತ ಅನಿಸುವುದಿಲ್ಲ, ಅದೇ ನನ್ನ ಸಿಟ್ಟು.

ಗಂಜ್_ಹುಡುಗ

ಸಿಸ್ಟರ್, ಓದಿ ಖುಷಿಯಾಯಿತು. ಆದರೆ ಮದ್ದಿಲ್ಲದ ಮಾತ್ರೆ ಸಿಕ್ಕ ಹೆಣ್ಣುಮಕ್ಕಳ ಗತಿ? ಅವರ ಮನೆಯವರಿಗೆ ಏನನ್ನಿಸಬೇಕು?

ಆಳಂದ_ನಾಕಾ

ಗಂಜ್ ಭಾಯ್, ಕೇಳಬೇಕಾದ ಪ್ರಶ್ನೆ ಇದೇ. ನಮ್ಮ ಪಕ್ಕದಲ್ಲೇ ಇದರ ದೊಡ್ಡ ಜಗಳ ಆಗಿದೆ. ಆಳಂದದಿಂದ ಉಮರ್ಗಾ ಎಷ್ಟು ದೂರ? ಗಡಿ ದಾಟಿದರೆ ಉಸ್ಮಾನಾಬಾದ್ ಜಿಲ್ಲೆ, ಈಗ ಧಾರಾಶಿವ. 1999ರಿಂದ ಅಲ್ಲಿ ಟಾಟಾ ಮೆಮೋರಿಯಲ್ ಮತ್ತು ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರು ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಅಧ್ಯಯನ ನಡೆಸಿದರು. 497 ಹಳ್ಳಿ, 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳು. ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಮೂರು ಬೇರೆ ಬೇರೆ ತಪಾಸಣೆ. ನಾಲ್ಕನೆಯ ಗುಂಪಿಗೆ ತಿಳಿವಳಿಕೆ ಮಾತ್ರ, ತಪಾಸಣೆ ಇಲ್ಲ.

2009ರಲ್ಲಿ ಬಂದ ಫಲಿತಾಂಶ ದೊಡ್ಡದೇ. ಆ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆ ಒಂದೇ ಒಂದು ಸಲ ಮಾಡಿಸಿಕೊಂಡ ಗುಂಪಿನಲ್ಲಿ ಆ ಕ್ಯಾನ್ಸರ್‌ನ ಸಾವು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ತಪಾಸಣೆಯಾಗಿ ಮಾಡಿ ಅನ್ನುತ್ತದೆ. ಅದರ ಹಿಂದೆ ನಮ್ಮ ನೆರೆಯ ಹಳ್ಳಿಗಳ ಹೆಣ್ಣುಮಕ್ಕಳಿದ್ದಾರೆ.

ಆದರೆ ನಾಲ್ಕನೆಯ ಗುಂಪಿನಲ್ಲಿ 64 ಜನ ಅದೇ ಕ್ಯಾನ್ಸರ್‌ನಿಂದ ಸತ್ತರು. ತಪಾಸಣೆಯಿಂದ ಲಾಭ ಇದೆ ಅಂತ ಬೇರೆ ದೇಶಗಳಲ್ಲಿ ಗೊತ್ತಿದ್ದೂ ಇವರನ್ನು ಯಾಕೆ ಬಿಟ್ಟಿರಿ ಎಂದು ಕೇಳಿದವರಿದ್ದಾರೆ. ಅಲ್ಲಿ ಮೊದಲೂ ಯಾವ ತಪಾಸಣೆಯೂ ಇರಲಿಲ್ಲ, ಇದ್ದ ಸೌಲಭ್ಯ ನಾವು ಕಸಿದುಕೊಂಡಿಲ್ಲ ಎಂಬುದು ಅಧ್ಯಯನ ಮಾಡಿದವರ ಮಾತು. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ. ನಮ್ಮಲ್ಲಿ ಸೌಲಭ್ಯ ಇಲ್ಲ ಅನ್ನುವುದನ್ನೇ ನಮಗೆ ಕೊಡದಿರಲು ಕಾರಣ ಮಾಡಿದ ಹಾಗೆ. ಹಾಗಂತ ಆ ಅಧ್ಯಯನ ಆಗಲೇಬಾರದಿತ್ತು ಅನ್ನಲೂ ನನಗೆ ಬಾಯಿ ಬರುವುದಿಲ್ಲ.

ನಿವೃತ್ತ_ಮಾಸ್ತರ್

ಆಳಂದದವರು ಹೇಳಿದಂಥ ಪ್ರಶ್ನೆ ಕೇಳಲೆಂದೇ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆ ಶುರುವಾಗುವ ಮೊದಲು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿ, ಇರುವುದು. ನಾನು ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾದವನು. ಒಂದು ಕಾಲೇಜಿನ ಕಮಿಟಿಯಲ್ಲಿ ಸಾಮಾನ್ಯ ಸದಸ್ಯ, ಅಂದರೆ ವೈದ್ಯನಲ್ಲದ ಸದಸ್ಯ. ಐಸಿಎಂಆರ್‌ನ 2017ರ ನಿಯಮದ ಪ್ರಕಾರ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟು ಜನ ಆ ಸಂಸ್ಥೆಗೆ ಸಂಬಂಧವಿಲ್ಲದವರು. ಅಧ್ಯಕ್ಷರು ಹೊರಗಿನವರೇ ಆಗಬೇಕು. ಕಾನೂನು ಬಲ್ಲವರೊಬ್ಬರು, ನನ್ನಂಥ ಮಾಮೂಲಿ ಮನುಷ್ಯರೊಬ್ಬರು ಇರಬೇಕು.

ಮೊದಮೊದಲು ನಾನು ಚಾ ಕುಡಿದು ಸಹಿ ಮಾಡಿ ಬರುವ ಕೆಲಸ ಅಂದುಕೊಂಡಿದ್ದೆ. ಈಗ ಕನ್ನಡದ ಮಾಹಿತಿ ಪತ್ರ ಓದುವುದೇ ನನ್ನ ಪಾಲಿನ ಕೆಲಸ. "ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಐಚ್ಛಿಕವಾಗಿರುತ್ತದೆ" ಅಂತ ಬರೆದುಕೊಂಡು ಬರುತ್ತಾರೆ. "ಇಷ್ಟ ಇದ್ದರೆ ಸೇರಿ, ಇಲ್ಲದಿದ್ದರೆ ಬಿಡಿ, ಚಿಕಿತ್ಸೆ ನಿಲ್ಲುವುದಿಲ್ಲ" ಅಂತ ಬರೆಸಿ ವಾಪಸು ಕಳಿಸುತ್ತೇನೆ. ಪಿ.ಜಿ.ಗಳಿಗೆ ನನ್ನ ಮೇಲೆ ಪ್ರೀತಿ ಇದ್ದಂತಿಲ್ಲ.

ಸೇಡಂ ತಮ್ಮಾ, ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಪೂರ್ತಿ ಹೊತ್ತು ಅಲ್ಲೇ ಇದ್ದು, ಎಲ್ಲ ವಿವರಿಸಿದ್ದನ್ನು ಕೇಳಿ, ಸಹಿ ಹಾಕಬೇಕು. ಕಾಗದದ ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ನಿಮ್ಮಪ್ಪನ ವಿಷಯದಲ್ಲಿ ಇದು ಆಗಿಲ್ಲ. ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ದೂರು ಬರೆಯಬಹುದು, ಈಗಲೂ. ಬರೆಯಿರಿ. ದೂರು ಬಾರದಿದ್ದರೆ ನಮಗೂ ತಿಳಿಯುವುದಿಲ್ಲ.

ಗಂಜ್ ಅವರೇ, ನಿಮಗೆ. ಡಾಕ್ಟರನ್ನು ಕೂರಿಸಿಕೊಂಡು ಕೇಳಿ. ಮಶೀನಿನ ಖರ್ಚು ಯಾರದು? ಸ್ಟಡಿಗಾಗಿ ಹೆಚ್ಚಿಗೆ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಗಾಯ ಹದಗೆಟ್ಟರೆ ಸ್ಟಡಿಯಿಂದ ತೆಗೆದು ಬೇರೆ ಚಿಕಿತ್ಸೆ ಮಾಡುತ್ತಾರಾ? ಯಾವಾಗ, ಯಾರು ತೀರ್ಮಾನ ಮಾಡುತ್ತಾರೆ? ಎಥಿಕ್ಸ್ ಕಮಿಟಿ ಒಪ್ಪಿಗೆಯ ನಂಬರ್ ಮತ್ತು ಫೋನ್ ಕಾಗದದಲ್ಲಿ ಇದೆಯಾ? ಮುಖ್ಯವಾಗಿ, ನಿಮ್ಮ ತಾಯಿಯವರನ್ನು ಯಾರಾದರೂ ಕೇಳಿದ್ದಾರಾ? ನೀವೂ ಕಾಕಾನೂ ಮಾತಾಡುತ್ತಿದ್ದೀರಿ. ಗಾಯ ಅವರದು.

ಲ್ಯಾಬ್_ಬೆಂಚ್

ಮಾಸ್ತರ್ರ ಮಾತಿಗೆ ಕೈ ಮುಗಿದೆ. ನನ್ನದೊಂದು ಸಣ್ಣ ಸೇರ್ಪಡೆ. ನಾನು ಮೈಕ್ರೋಬಯಾಲಜಿ ಲ್ಯಾಬ್ ಟೆಕ್ನಿಷಿಯನ್. ಅವ್ವನ ಗಾಯದಿಂದ ಹತ್ತಿ ಕಡ್ಡಿಯಲ್ಲೋ ತುಣುಕು ತೆಗೆದೋ ಕಲ್ಚರ್‌ಗೆ ಕಳಿಸಿರುತ್ತಾರೆ. ಯಾವ ಕ್ರಿಮಿ, ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ ಅಂತ ನೋಡಲು. ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಡಾಕ್ಟರು ಏನು ನೋಡಿ ಇಂಜೆಕ್ಷನ್ ಶುರು ಮಾಡುತ್ತಾರೆ? ಹಿಂದಿನ ವರ್ಷ ಅದೇ ಆಸ್ಪತ್ರೆಯಲ್ಲಿ ಬಂದ ರಿಪೋರ್ಟುಗಳನ್ನೆಲ್ಲ ಕೂಡಿಸಿ ನಮ್ಮಂಥ ಲ್ಯಾಬಿನವರು ಒಂದು ಪಟ್ಟಿ ಮಾಡುತ್ತೇವೆ, ಆ್ಯಂಟಿಬಯೋಗ್ರಾಮ್ ಅಂತ. ಬೆಂಗಳೂರಿನ ಪಟ್ಟಿ ಇಲ್ಲಿ ನಡೆಯುವುದಿಲ್ಲ. ಪಕ್ಕದ ಆಸ್ಪತ್ರೆಯದೂ ನಡೆಯದೇ ಇರಬಹುದು. ಇದನ್ನು ಯಾರೂ ಪೇಪರಿನಲ್ಲಿ ಬರೆಯುವುದಿಲ್ಲ, ಸನ್ಮಾನ ಇಲ್ಲ. ಆದರೆ ಮೊದಲ ದಿನದ ಇಂಜೆಕ್ಷನ್ ಸರಿಯಾದರೆ ಬೆರಳು ಉಳಿಯುವ ಸಾಧ್ಯತೆ ಜಾಸ್ತಿ.

ಸೇಡಂ_ಬಂಡೆ

ಮಾಸ್ತರ್ರೇ, ದೂರು ಬರೆಯುತ್ತೇನೆ. ಆದರೆ ನೈಟ್ ಡ್ಯೂಟಿ ಡಾಕ್ಟ್ರೇ, ಒಂದು ಕೇಳಬೇಕು. ಗಂಜ್ ಅವರ ಅವ್ವನನ್ನು ಸೇರಿಸಿಕೊಳ್ಳುತ್ತೇವೆ ಅನ್ನುವ ಸ್ಟಡಿಯಿಂದ ಮುಂದೆ ಯಾರಿಗೆ ಏನು ಉಪಯೋಗ? ಥೀಸಿಸ್ ಲೈಬ್ರರಿಯಲ್ಲಿ ಧೂಳು ತಿನ್ನುತ್ತದೆ ಅಲ್ವಾ?

ನೈಟ್_ಡ್ಯೂಟಿ

ಭಾಳಷ್ಟು ತಿನ್ನುತ್ತವೆ ಅಣ್ಣಾ. ಐವತ್ತು ಅರವತ್ತು ಜನರ ಒಂದು ಥೀಸಿಸ್‌ನಿಂದ ಇಂಥ ಪ್ರಶ್ನೆ ಬಗೆಹರಿಯುವುದಿಲ್ಲ. ಕ್ರ್ಯಾಶ್ ಟ್ರಯಲ್‌ಗೆ ಹತ್ತು ಸಾವಿರ ಜನ ಬೇಕಾಯಿತು, ಯಾಕೆಂದರೆ ವ್ಯತ್ಯಾಸ ನೂರಕ್ಕೆ ಮೂರು. ನನ್ನ ಕೇಳಿದರೆ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಾಲೇಜುಗಳವರೆಲ್ಲ ಒಂದೇ ಪ್ರಶ್ನೆ ಹಿಡಿದು ಒಂದೇ ಫಾರ್ಮಿನಲ್ಲಿ ಬರೆದುಕೊಳ್ಳಬೇಕು. ಹಾವು ಕಚ್ಚಿದವರು, ಶುಗರ್ ಕಾಲಿನವರು, ಕೀಟನಾಶಕ ಕುಡಿದವರು ನಮ್ಮಲ್ಲಿ ಬರುವಷ್ಟು ಬೇರೆಲ್ಲಿ ಬರುತ್ತಾರೆ? ಹಾವು ಕಡಿತದ ಕೇಸು ವರದಿ ಮಾಡಲೇಬೇಕು ಅಂತ 2024ರಲ್ಲಿ ನಮ್ಮ ಸರ್ಕಾರ ನಿಯಮ ಮಾಡಿದೆ. ಅದು ಒಂದು ಆರಂಭ. ಆದರೆ ಒಬ್ಬೊಬ್ಬರು ಒಂದೊಂದು ವಿಷಯ, ಒಂದೊಂದು ಕಪಾಟು. ನಮ್ಮ ಗೈಡ್‌ಗಳಿಗೆ ಇದನ್ನು ಹೇಳಿದರೆ "ಮೊದಲು ನಿನ್ನದು ಮುಗಿಸು" ಅನ್ನುತ್ತಾರೆ.

ಬಹಮನಿ_ಬಾಗಿಲು

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದು ಇಷ್ಟು ವರ್ಷ ಆಯಿತು. ಸೀಟು, ನೌಕರಿ ಅಂತ ಹೋರಾಡುತ್ತೇವೆ. ನಾಲ್ಕು ಕಾಲೇಜು ಕೂಡಿ ಒಂದು ರಿಜಿಸ್ಟರ್ ಇಡಲಿ ಅಂತ ಯಾರೂ ಮೆರವಣಿಗೆ ಮಾಡಲಿಲ್ಲ ನೋಡಿ.

ಗಂಜ್_ಹುಡುಗ

ಎಲ್ಲರಿಗೂ ಭಾಳ ಥ್ಯಾಂಕ್ಸ್. ಇವತ್ತು ಪಿ.ಜಿ. ಡಾಕ್ಟರಿಗೆ ಮಾಸ್ತರ್ರ ಪ್ರಶ್ನೆಗಳನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಮಶೀನಿನ ಖರ್ಚು ಇಲಾಖೆಯದಂತೆ. ಗಾಯ ಕಪ್ಪಾದರೆ ಅಥವಾ ಜ್ವರ ಬಂದರೆ ಸ್ಟಡಿ ಬಿಟ್ಟು ಯೂನಿಟ್ ಚೀಫ್ ನೋಡುತ್ತಾರಂತೆ. ಅವ್ವನ ಮುಂದೆ ಕಾಗದ ಪೂರ್ತಿ ಓದಿದೆ. ಅವ್ವ ಕೇಳಿದ್ದು ಒಂದೇ: "ಮನಿಗೆ ಹೋದ ಮ್ಯಾಲೆ ಸ್ಟಡಿ ಸಲುವಾಗಿ ಎಷ್ಟು ಸಲ ಬರಬೇಕು? ಬಸ್ ಚಾರ್ಜ್ ಯಾರು ಕೊಡತಾರ?" ಡಾಕ್ಟರ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಗೈಡ್‌ಗೆ ಕೇಳಿ ಬರುತ್ತೇನೆ ಅಂದು ಹೋಗಿದ್ದಾರೆ.

ಹೆರಿಗೆ_ವಾರ್ಡ್

ಅವ್ವಾರು ಕಮಿಟಿಯಲ್ಲಿ ಇರಬೇಕಾದವರು.

ಸುರಪುರ_ಪೇಟೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಕ್ಕನನ್ನು ಹೈದರಾಬಾದಿನ ಒಂದು ಪ್ರೈವೇಟ್ ಆಸ್ಪತ್ರೆಗೆ ತೋರಿಸುತ್ತಿದ್ದೇವೆ. ಅಲ್ಲಿ ಕಂಪನಿಯ ಹೊಸ ಮದ್ದಿನ ಟ್ರಯಲ್ ಇದೆ, ಫ್ರೀ ಅನ್ನುತ್ತಿದ್ದಾರೆ. ಇದೂ ಡ್ರೆಸಿಂಗ್ ಥರಾನೇ ಹಗುರಾನಾ?

ನಿವೃತ್ತ_ಮಾಸ್ತರ್

ಅಲ್ಲ. ಹೊಸ ಮದ್ದು ಅಂದರೆ ಇನ್ನೂ ಬಿಗಿಯಾಗಿ ಕೇಳಬೇಕು. ಅದಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರವೂ ಇದೆ. ದೇಶದಲ್ಲಿ ನಡೆಯುವ ಔಷಧ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕು, 2009ರ ಜೂನ್‌ನಿಂದ ಇದು ಕಡ್ಡಾಯ. ಅಕ್ಕನ ಕಾಗದದಲ್ಲಿ ಸಿಟಿಆರ್‌ಐ ನಂಬರ್ ಕೇಳಿ. ಆ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಯಾವ ಮದ್ದು, ಯಾವ ಹಂತ, ಯಾವ ಯಾವ ಆಸ್ಪತ್ರೆ, ದುಡ್ಡು ಹಾಕಿದವರು ಯಾರು, ಎಲ್ಲ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿದೆ. ತಿಳಿಯದಿದ್ದರೆ ಇಲ್ಲೇ ಹಾಕಿ, ಕ್ಯಾಶುವಾಲಿಟಿ ಡಾಕ್ಟರು ಓದಿ ಹೇಳುತ್ತಾರೆ.

ಕ್ಯಾಶುವಾಲಿಟಿ_ಚಾ

ಹೇಳುತ್ತೇನೆ. ಅಕ್ಕನ ಹೆಸರು, ರಿಪೋರ್ಟ್ ಇಲ್ಲಿ ಹಾಕಬೇಡಿ, ನಂಬರ್ ಮಾತ್ರ ಸಾಕು. ಇನ್ನೊಂದು, ಈಗ ನಡೆಯುತ್ತಿರುವ ಮದ್ದನ್ನು ಟ್ರಯಲ್‌ಗಾಗಿ ನಿಲ್ಲಿಸಬೇಕಾ ಅಂತ ಕೇಳಿದಿರಾ?

ಸುರಪುರ_ಪೇಟೆ

ಇಲ್ಲ ಸರ್. ಸೋಮವಾರ ಹೋಗುತ್ತಿದ್ದೇವೆ, ಕೇಳಿ ಇಲ್ಲೇ ಬರೆಯುತ್ತೇನೆ.